ನಿರ್ಯಾಪಕರು ಇಬ್ಬರಾದರೂ ಬೇಕು

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಶ್ರಾವಕನ ಹನ್ನೆರಡು ವ್ರತಗಳನ್ನು ಹೇಳಿ ಮುಗಿಸಿದ ಮೇಲೆ ಸಲ್ಲೇಖನೆಯನ್ನು ಪ್ರತ್ಯೇಕವಾಗಿ ಒಂದು ಸೂತ್ರದಲ್ಲಿ ಹೇಳಿದ್ದಾರೆ. ಮಿಕ್ಕ ವ್ರತಗಳು ಬಾಳಿನುದ್ದಕ್ಕೂ ನಡೆಯತಕ್ಕವು. ಇದಾದರೋ ಆಯುಸ್ಸು ತೀರುವ ಕಾಲ ಒದಗಿದಾಗ ಕೈಕೊಳ್ಳತಕ್ಕದ್ದು. ಗೃಹಸ್ಥನಿಗೂ ಮುನಿಗೂ ಸಮಾನವಾದುದು. ಇನ್ನೂ ಒಂದು ಭೇದವನ್ನು ಸ್ವಾಧ್ಯಾಯ ಮಾಡುವವರು ಗಮನಿಸಬೇಕು. ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ಒಬ್ಬ ಶ್ರಾವಿಕೆ ನೆರೆಮನೆಗೆ ತಿಳಿಯದಂತೆ ನಡೆಸಬಲ್ಲಳು. ರಾತ್ರಿಭೋಜನ ತ್ಯಾಗಕ್ಕೆ ಪರರ ನೆರವು ಬೇಕಿಲ್ಲ. ಸಲ್ಲೇಖನೆ ಮಾತ್ರ ಒಬ್ಬರೇ ನಡೆಸಬಲ್ಲ ವ್ರತವಲ್ಲ. ವ್ರತ ಹಿಡಿದವನಿಗೆ ಶಾಸ್ತ್ರದಲ್ಲಿ ಕ್ಷಪಕನೆಂದು ಹೆಸರು. ಅವನನ್ನು ದಡ ಮುಟ್ಟಿಸುವವರಿಗೆ ನಿರ್ಯಾಪಕರೆಂದು ಹೆಸರು.

ನಿರ್ಯಾಪಕರ ವಿಷಯವನ್ನು ಶಿವಾರ್ಯರು ತಮ್ಮ ಪ್ರಾಕೃತ ಗ್ರಂಥವಾದ ಭಗವತೀ ಆರಾಧನೆಯಲ್ಲಿ ಬಹಳ ವಿಸ್ತಾರವಾಗಿ ಹೇಳಿದ್ದಾರೆ. ಅವರ ಸಂಖ್ಯೆ ೪೮. ನಾಲ್ವರು ನಾಲ್ವರಂತೆ ಹನ್ನೆರಡು ಕೆಲಸಗಳಿಗೆ ಅವರನ್ನು ಹಂಚಿದೆ. ಕ್ಷಪಕನ ಮೈಯೊತ್ತಿ ಮಗ್ಗುಲು ಬದಲಿಸಿ ಎಬ್ಬಿಸಿ ಕೂರಿಸುವವರು ನಾಲ್ವರು. ಅವನಿಗೆ ಧರ್ಮಕಥೆ ಹೇಳುವವರು ನಾಲ್ವರು. ಆಹಾರ ತರುವವರು, ಪಾನೀಯ ತರುವವರು, ತಂದುದನ್ನು ಎಚ್ಚರದಿಂದ ಕಾಯುವವರು ಬೇರೆ ಬೇರೆ. ಮಲಮೂತ್ರಗಳನ್ನು ತೆಗೆದು ಹಾಸಿಗೆಯನ್ನು ಶುಚಿಮಾಡುವವರು, ಬಾಗಿಲು ಕಾಯುವವರು, ರಾತ್ರಿ ನಿದ್ದೆಗೆಡುವವರು, ನಾಡಿನ ಕ್ಷೇಮಸಮಾಚಾರವನ್ನು ತಿಳಿದು ಬರುವವರು, ನೋಡಲು ಬಂದ ಜನಕ್ಕೆ ಹೊರಗಡೆ ಉಪದೇಶಿಸುವವರು, ಆಕ್ಷೇಪಿಸಲು ಬಂದವರಿಗೆ ಉತ್ತರ ಕೊಡುವ ವಾದಿಗಳು ಸಹ ಉಂಟು. ಮಲಮೂತ್ರ ತೆಗೆಯುವವನಿಗೂ ವಾದಪಂಡಿತನಿಗೂ ಇಲ್ಲಿ ಒಂದೇ ಹೆಸರು, ಒಂದೇ ಮರ್ಯಾದೆ. ಈ ಒಂದು ಅಂಶವನ್ನೇ ಹಿಡಿದು ಒಂದು ದಿನದ ಸ್ವಾಧ್ಯಾಯವನ್ನು ನಡೆಸಬಹುದು.

ಕಾಲದೋಷದಿಂದ ಅಷ್ಟು ಮಂದಿ ದೊರೆಯದಿದ್ದರೆ ನಾಲ್ಕು ನಾಲ್ಕನ್ನು ಕಳೆಯುತ್ತ ಬಂದು ನಾಲ್ವರಿಗೆ ನಿಲ್ಲಬಹುದು. ಅದೂ ಆಗದ ಪಕ್ಷದಲ್ಲಿ ಇಬ್ಬರು. ಒಬ್ಬನೇ ನಿರ್ಯಾಪಕನೆಂಬುದಕ್ಕೆ ಮಾತ್ರ ಆಚಾರ್ಯರ ಒಪ್ಪಿಗೆಯಿಲ್ಲ. ಒಬ್ಬನೇ ಇದ್ದು ಅವನು ಭಿಕ್ಷೆಗೆ ಹೋದರೆ ಕ್ಷಪಕ ಒಂಟಿಯಾಗುತ್ತಾನೆ; ಹೋಗದೆ ಕುಳಿತರೆ ನಿರ್ಯಾಪಕನೇ ಹಸಿವೆಯಿಂದಲೂ ನಿದ್ದೆಗೇಡಿನಿಂದಲೂ ಕುಸಿಯುತ್ತಾನೆ. ಮುನಿಸಂಘವನ್ನು ಕುರಿತು ಹೇಳಿದ ಈ ಮಾತು ಗೃಹಸ್ಥರ ಮನೆಗೆ ಎಷ್ಟು ಹೊಂದುತ್ತದೆಂಬುದನ್ನು, ರೋಗಿಯ ಬಳಿ ಆರು ತಿಂಗಳು ಕಳೆದ ಯಾವ ಗೃಹಿಣಿಯನ್ನು ಕೇಳಿದರೂ ತಿಳಿಯುತ್ತದೆ.

ನಿರ್ಯಾಪಕರ ಹನ್ನೆರಡು ಕೆಲಸಗಳಲ್ಲಿ ಹಲವು ಮಾತಿಗೆ ಸಂಬಂಧಿಸಿದವು ಎಂಬುದು ಗಮನಾರ್ಹವಾದುದು. ಮಾತಿನಲ್ಲಿಯೂ ವಿವೇಕವನ್ನು ವಿಧಿಸಿದೆ. ಕಥೆಗಳು ನಾಲ್ಕು ಬಗೆ: ಆಕ್ಷೇಪಿಣೀ, ವಿಕ್ಷೇಪಿಣೀ, ಸಂವೇಜನೀ, ನಿರ್ವೇಜನೀ. ಪರಮತಗಳನ್ನು ಮೊದಲು ಮಂಡಿಸಿ ಬಳಿಕ ಖಂಡಿಸುವ ವಿಕ್ಷೇಪಿಣೀ ಕಥೆಯನ್ನು ಕ್ಷಪಕನ ಮುಂದೆ ಹೇಳಕೂಡದು. ಪೂರ್ವಪಕ್ಷವನ್ನು ಕೇಳಿ ಮನಸ್ಸು ಡೋಲಾಯಮಾನವಾಗಿರುವಾಗಲೇ ಆಯುಸ್ಸು ತೀರಿಬಿಟ್ಟರೆ ಗತಿಯೇನು? ಹೊರಗೆ ಕುಳಿತು ಜನಕ್ಕೆ ಉಪದೇಶಿಸುವವರಾದರೂ ತಮ್ಮ ದನಿ ಒಳಗಿರುವವನಿಗೆ ಕೇಳದಂತೆ ನೋಡಿಕೊಳ್ಳಬೇಕು. ಕ್ಷಪಕನು ನೋವಿನಿಂದಲೋ ಬಾಯಾರಿಕೆಯಿಂದಲೋ ಧೈರ್ಯಗುಂದಿದರೆ ಅವನನ್ನು ಗದರಿಸಕೂಡದು, ಪರಿಹಾಸ ಮಾಡಕೂಡದು. ಸವಿಯಾದ ಮಾತಿನಿಂದ ಹಿಂದಿನ ಮಹಾಪುರುಷರ ಕಥೆಗಳನ್ನು ಹೇಳಿ ಅವನಿಗೆ ಧೈರ್ಯದ ಹೊದಿಕೆಯನ್ನು ತೊಡಿಸಬೇಕು. ಈ ಪ್ರಕರಣಕ್ಕೆ ಕವಚವೆಂದೇ ಹೆಸರು. ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ವಡ್ಡಾರಾಧನೆಯ ೧೯ ಕಥೆಗಳು ಈ ಕವಚಾಧಿಕಾರದ ಗಾಹೆಗಳನ್ನು ಆಧರಿಸಿದವು. ಕನ್ನಡದ ಅತ್ಯಂತ ಹಳೆಯ ಗದ್ಯಕೃತಿಗಳಲ್ಲೊಂದು ಸಾಯುವವರ ಎದುರಿನಲ್ಲಿ ಆಡುವ ಮಾತಿನಿಂದ ಹುಟ್ಟಿತೆಂಬುದು ಕನ್ನಡಿಗ ಶ್ರಾವಕರಿಗೆ ಹೆಮ್ಮೆಯ ವಿಷಯ. ಆದರೆ ಆ ಪುಸ್ತಕ ಈಗ ಪದವಿ ತರಗತಿಗಳಲ್ಲಿ ಮಾತ್ರ ತೆರೆಯಲ್ಪಡುತ್ತಿದೆ.

ಸೂತ್ರದಲ್ಲಿನ ಒಂದು ಪದವನ್ನು ಇಲ್ಲಿಯೇ ವಿಚಾರಿಸಬೇಕು. ಸಲ್ಲೇಖನೆಯನ್ನು ‘ಸೇವಿಸುವವನು’ ಎನ್ನಬಹುದಾದ ಎಡೆಯಲ್ಲಿ ಉಮಾಸ್ವಾಮಿಗಳು ‘ಜೋಷಿತಾ’ ಎಂಬ ಶಬ್ದವನ್ನು ಇಟ್ಟಿದ್ದಾರೆ. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಕಾರಣ ಕೊಡುತ್ತ, ಈ ಶಬ್ದದಲ್ಲಿ ಪ್ರೀತಿಯ ಅರ್ಥವೂ ಅಡಗಿದೆ, ಪ್ರೀತಿಯಿಲ್ಲದವನಿಂದ ಬಲಾತ್ಕಾರವಾಗಿ ಸಲ್ಲೇಖನೆಯನ್ನು ಮಾಡಿಸುವಂತಿಲ್ಲ ಎಂಬ ಅಭಿಪ್ರಾಯವನ್ನು ಹೇಳಿದ್ದಾರೆ. ಇದೇ ವ್ರತದ ಐದು ಅತಿಚಾರಗಳಲ್ಲಿ ಬದುಕಬೇಕೆಂಬ ಆಶೆ ಒಂದಾದರೆ, ಬೇಗ ಸಾಯಬೇಕೆಂಬ ಆಶೆ ಇನ್ನೊಂದು. ಮಿತ್ರರ ಮೇಲಿನ ಅನುರಾಗ, ಉಂಡ ಸುಖಗಳ ಸ್ಮರಣೆ, ಮುಂದಿನ ಭವದ ಭೋಗಕ್ಕಾಗಿ ನಿದಾನ ಇವು ಉಳಿದ ಮೂರು. ವ್ರತಿಯೇ ಮರಣವನ್ನು ಬಯಸುವುದು ದೋಷವಾದ ಮೇಲೆ ಬಂಧುಗಳು ಅವನ ಮರಣವನ್ನು ಅವಸರಪಡಿಸುವುದು ಎಂಥ ದೋಷವೆಂದು ಬೇರೆ ಹೇಳಬೇಕಾಗಿಲ್ಲ.

ಹೀಗಿರುವಲ್ಲಿ ಈಗಿನ ಮನೆಗಳ ಸ್ಥಿತಿ ಹೇಗಿದೆ? ವೈದ್ಯರು ರೋಗದ ನಿಜವನ್ನು ಮಗನಿಗೆ ಹೊರಗಿನ ಮೊಗಸಾಲೆಯಲ್ಲಿ ಹೇಳುತ್ತಾರೆ. ಮಗನು ಒಳಗೆ ಬಂದು ತಾಯಿಗೆ, “ಏನೂ ಇಲ್ಲಮ್ಮಾ, ಗ್ಯಾಸ್ ತೊಂದರೆ ಅಷ್ಟೇ” ಎನ್ನುತ್ತಾನೆ. ತಾಯಿಗೆ ತಿಳಿಯದೆ ಇರುವುದಿಲ್ಲ. ಮಗ ನೊಂದಾನೆಂದು ಆಕೆಯೂ ಮಾತನಾಡುವುದಿಲ್ಲ. ನಲವತ್ತು ವರ್ಷ ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದೆ ವ್ರತ ಕಾಯ್ದುಕೊಂಡು ಬಂದ ಆಕೆಗೆ ಕಡೆಯ ವಾರದಲ್ಲಿ ತುರ್ತು ಚಿಕಿತ್ಸಾ ಘಟಕದ ವಿದ್ಯುದ್ದೀಪದ ಕೆಳಗೆ, ಅರಿವಿಲ್ಲದ ಸ್ಥಿತಿಯಲ್ಲಿ, ನಡುರಾತ್ರಿ ಮೂಗಿನ ನಳಿಕೆಯಿಂದ ಆಹಾರ ಇಳಿಯುತ್ತದೆ. ಇದರಲ್ಲಿ ವೈದ್ಯರ ತಪ್ಪಿಲ್ಲ. ಆಕೆಯ ವ್ರತವನ್ನು ಯಾರೂ ಅವರಿಗೆ ತಿಳಿಸಿರಲಿಲ್ಲ. ಮಗನ ಪ್ರೀತಿಯಲ್ಲಿಯೂ ಕೊರತೆಯಿಲ್ಲ. ಮಾತು ನಡೆಯಬೇಕಾದ ಕಾಲದಲ್ಲಿ ನಡೆಯಲಿಲ್ಲ, ಅಷ್ಟೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಕ್ರಮವನ್ನು ನೋಡಿದರೆ, ಆಹಾರವನ್ನು ಕುಗ್ಗಿಸುವುದು ಬರುವುದು ಆಮೇಲೆ. ಮೊದಲು ಬರುವುದು ಸ್ನೇಹ ವೈರಗಳನ್ನು ಬಿಟ್ಟು, ಸ್ವಜನರನ್ನೂ ಪರಿಜನರನ್ನೂ ಪ್ರಿಯವಚನದಿಂದ ಕ್ಷಮಿಸಿ, ಅವರಿಂದ ಕ್ಷಮೆಯನ್ನು ಪಡೆಯುವುದು. ಬಳಿಕ ಮಾಡಿದ ದೋಷಗಳನ್ನೆಲ್ಲ ಕಪಟವಿಲ್ಲದೆ ಆಲೋಚನೆ ಮಾಡುವುದು. ಘನಾಹಾರ ಬಿಟ್ಟು ಹಾಲಿಗೆ, ಹಾಲು ಬಿಟ್ಟು ಬಿಸಿನೀರಿಗೆ ಇಳಿಯುವುದು ಅದರ ತರುವಾಯ. ತನಗೆ ಏನಾಗಿದೆಯೆಂದೇ ತಿಳಿಯದವನು ಯಾವ ಆಲೋಚನೆಯನ್ನು ಮಾಡಿಯಾನು? ಸತ್ತವರಿಗೆ ಪಿಂಡ ತಲಪುತ್ತದೆಂಬ ನಂಬಿಕೆ ಜೈನಮತದಲ್ಲಿ ಇಲ್ಲದಿರುವುದರಿಂದ, ಬದುಕಿದ್ದಾಗ ಕೇಳದ ಕ್ಷಮೆಯನ್ನು ಆಮೇಲೆ ಕೇಳುವುದಕ್ಕೆ ಎಡೆಯಿಲ್ಲ.

ಕೋಲಾರದ ಚಿನ್ನದ ಗಣಿಗಳ ಪ್ರದೇಶವೂ ಅದಕ್ಕೆ ಹೆಬ್ಬಾಗಿಲಿನಂತಿರುವ ಬಂಗಾರಪೇಟೆಯೂ ಈ ಪಾಠಕ್ಕೆ ಬಹಳ ಸಹಾಯಕವಾದ ಸ್ಥಳಗಳು. ಕೋಲಾರವೆಂಬುದು ಗಂಗರ ಆದಿಯ ರಾಜಧಾನಿಯಾದ ಕುವಲಾಲಪುರ. ಆ ವಂಶಕ್ಕೆ ಸಿಂಹನಂದಿ ಆಚಾರ್ಯರ ಅನುಗ್ರಹವಿತ್ತೆಂದು ಶಾಸನಗಳು ಹೇಳುತ್ತವೆ. ಅದೇ ವಂಶದ ಮಾರಸಿಂಹನು ಹತ್ತನೆಯ ಶತಮಾನದಲ್ಲಿ ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತದಲ್ಲಿದ್ದು ಸಮಾಧಿಯನ್ನು ಸಾಧಿಸಿದ ಸಂಗತಿ ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಕಂಬದ ಶಾಸನದಲ್ಲಿದೆ. ಅಂಥ ಗಂಡುಗಲಿ ಅರಸನೂ ಗುರುವಿಲ್ಲದೆ ಒಬ್ಬನೇ ಕುಳಿತು ಸಾಯಲಿಲ್ಲ.

ಗಣಿಯ ಊರಿಗೆ ಬಂದರೆ ಶಾಸ್ತ್ರದ ಇನ್ನೊಂದು ವಿಭಾಗ ಕಣ್ಣಿಗೆ ಕಟ್ಟುತ್ತದೆ. ಭಗವತೀ ಆರಾಧನೆಯು ಭಕ್ತಪ್ರತ್ಯಾಖ್ಯಾನವನ್ನು ಸವಿಚಾರ, ಅವಿಚಾರ ಎಂದು ಎರಡಾಗಿ ವಿಂಗಡಿಸಿದೆ. ಮರಣವು ಮುನ್ಸೂಚನೆ ಕೊಟ್ಟು ಬಂದಾಗ ಕ್ರಮಕ್ರಮವಾಗಿ, ಬೇಕಾದರೆ ಹನ್ನೆರಡು ವರ್ಷಗಳವರೆಗೂ, ಸಿದ್ಧತೆ ಮಾಡಿಕೊಳ್ಳುವುದು ಸವಿಚಾರ. ಹಾವು, ಬೆಂಕಿ, ಕಾಡುಮೃಗ, ಹಠಾತ್ತನೆ ಎರಗಿದ ವ್ಯಾಧಿ ಇವುಗಳಿಂದ ಕಾಲವೇ ಇಲ್ಲದೆ ಹೋದಾಗ ಇದ್ದಲ್ಲಿಯೇ ಮಾಡುವುದು ಅವಿಚಾರ. ಅದರಲ್ಲಿಯೂ ಮಾತೇ ನಿಂತುಹೋದವನು ಮನಸ್ಸಿನಲ್ಲಿಯೇ ಪಂಚಪರಮೇಷ್ಠಿಗಳನ್ನು ನೆನೆದು ತ್ಯಾಗ ಮಾಡುವುದಕ್ಕೆ ಪರಮನಿರುದ್ಧವೆಂದು ಹೆಸರು.

ಗಣಿಯಲ್ಲಿ ಈ ಎರಡು ಬಗೆಯ ಮರಣಗಳೂ ಇದ್ದುವು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಹಾಕಿದಂದಿನಿಂದ ೨೦೦೧ರ ಫೆಬ್ರವರಿ ೨೮ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚುವವರೆಗೆ ನೂರಿಪ್ಪತ್ತು ವರ್ಷ ಅಲ್ಲಿ ಅಗೆದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮೀರಿ ಆಳಕ್ಕೆ ಇಳಿಯಿತು. ಅದಿರನ್ನು ತೆಗೆದಂತೆ ಸುತ್ತಣ ಬಂಡೆಯ ಮೇಲೆ ಒತ್ತಡ ಏರಿ, ಬಂಡೆ ಒಮ್ಮೆಲೇ ಸಿಡಿಯುತ್ತಿತ್ತು. ಹಿಂದೆ ಇದನ್ನು ಏರ್‌ಬ್ಲಾಸ್ಟ್ ಎಂದೂ ಬಳಿಕ ರಾಕ್‌ಬರ್ಸ್ಟ್ ಎಂದೂ ಕರೆದರು. ಭೂಮಿಯ ಮೇಲಿನ ಮನೆಗಳೂ ಅದರಿಂದ ಅದುರುತ್ತಿದ್ದುವು. ಕೆಳಗಿದ್ದವನಿಗೆ ಅದು ಅವಿಚಾರ. ಇನ್ನೊಂದು, ಸ್ಫಟಿಕಶಿಲೆಯ ಧೂಳು ಶ್ವಾಸಕೋಶದಲ್ಲಿ ಕೂತು ವರ್ಷಗಟ್ಟಲೆ ಕೊಲ್ಲುವ ಸಿಲಿಕೋಸಿಸ್. ೧೯೪೦ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಗಣಿಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡುಬಂದಿತು. ಇದಕ್ಕೆ ಗುಣಮಾಡುವ ಔಷಧ ಅಂದೂ ಇರಲಿಲ್ಲ, ಇಂದೂ ಇಲ್ಲ. ಇದಕ್ಕಿಂತ ಸ್ಪಷ್ಟವಾದ ಸವಿಚಾರದ ಅವಕಾಶ ಬೇರೆ ಬೇಕೆ? ಎರಡನೆಯದು ಹತ್ತು ವರ್ಷದ ಮುನ್ಸೂಚನೆ ಕೊಟ್ಟರೂ, ಮಾತಿಲ್ಲದೆ ಕಳೆದರೆ ಆ ಹತ್ತು ವರ್ಷಗಳು ಮೊದಲನೆಯದರ ಒಂದು ಕ್ಷಣಕ್ಕಿಂತ ಹೆಚ್ಚಿನ ಪ್ರಯೋಜನಕ್ಕೆ ಬಾರವು. ಗಣಿಯಲ್ಲಿ ದುಡಿದವರಲ್ಲಿ ಬಹುಪಾಲು ಜನ ಜೈನರಲ್ಲ, ತಮಿಳು ಮಾತಿನ ಬಡವರು, ಎಂಬ ಕಾರಣದಿಂದ ಈ ಪಾಠ ಅವರಿಗೆ ಸಂಬಂಧಿಸಿದುದಲ್ಲವೆಂದು ತಿಳಿಯಬಾರದು. ಅವರ ಮರಣದ ಎದುರಿನಲ್ಲಿಯೇ ಅಂಗಡಿ ತೆರೆದು ಬಾಳಿದವರು ರಾಬರ್ಟ್‌ಸನ್‌ಪೇಟೆಯ ಜೈನ ವರ್ತಕರು.

ರಾಜಸ್ಥಾನದಿಂದ ಬಂದು ನೆಲೆಸಿದ ಆ ಶ್ವೇತಾಂಬರ ಬಂಧುಗಳು ಸಲ್ಲೇಖನೆಯನ್ನು ಸಂಥಾರಾ ಎನ್ನುತ್ತಾರೆ. ಸಂಸ್ತರ, ಅಂದರೆ ಹುಲ್ಲಿನ ಹಾಸಿಗೆ, ಎಂಬುದೇ ಅದರ ಮೂಲ. ಅವರ ಸಂಪ್ರದಾಯದಲ್ಲಿ ಸಾಗಾರೀ ಸಂಥಾರಾ ಎಂಬ ಒಂದು ನಿತ್ಯವಿಧಿಯುಂಟು. ಮಲಗುವ ಮುನ್ನ, ಈ ರಾತ್ರಿ ಆಯುಸ್ಸು ತೀರಿದರೆ ಆಹಾರ, ಪರಿಗ್ರಹ, ದೇಹ ಎಲ್ಲವನ್ನೂ ತ್ಯಜಿಸಿದ್ದೇನೆ ಎಂದು ಸಂಕಲ್ಪಿಸುವುದು. ಬೆಳಗ್ಗೆ ಎಚ್ಚರವಾದರೆ ನವಕಾರವನ್ನು ಹೇಳಿ ಆ ಕಟ್ಟನ್ನು ಬಿಡಿಸಿಕೊಳ್ಳುವುದು. ಅವಿಚಾರ ಮರಣಕ್ಕೆ ಗೃಹಸ್ಥನು ಮಾಡಿಕೊಳ್ಳಬಹುದಾದ ಸಿದ್ಧತೆ ಇದೊಂದೇ. ದಿಗಂಬರ ಶ್ರಾವಕರೂ ಇದನ್ನು ಅನುಸರಿಸಿದರೆ ಯಾವ ಬಾಧಕವೂ ಇಲ್ಲ. ಮಕ್ಕಳೆದುರು ಇದನ್ನು ಗಟ್ಟಿಯಾಗಿ ಹೇಳುವ ಮನೆಯಲ್ಲಿ ಮರಣವೆಂಬ ಶಬ್ದ ಅಪಶಕುನವಾಗಿ ಉಳಿಯುವುದಿಲ್ಲ.

ಗಣಿ ನಿಂತ ಮೇಲೆ ಊರಿನ ರೀತಿ ಬದಲಾಯಿತು. ದುಡಿಯುವ ವಯಸ್ಸಿನವರು ನಸುಕಿನಲ್ಲಿಯೇ ಮಾರಿಕುಪ್ಪಂ ಕಡೆಯಿಂದ ಹೊರಡುವ ರೈಲುಗಳನ್ನು ಹಿಡಿದು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುತ್ತಾರೆ, ಕತ್ತಲಾದ ಮೇಲೆ ಹಿಂದಿರುಗುತ್ತಾರೆ. ಹಗಲೆಲ್ಲ ಮನೆಯಲ್ಲಿರುವವರು ಮುದುಕರು, ಅವರನ್ನು ನೋಡಿಕೊಳ್ಳುವ ಒಬ್ಬ ಸೊಸೆ ಅಥವಾ ಒಬ್ಬ ಮಗಳು. ಶಿವಾರ್ಯರು ಬೇಡವೆಂದ ಒಂಟಿ ನಿರ್ಯಾಪಕ ಇವಳೇ. ಅಂಗಡಿಗೆ ಹೋದರೆ ರೋಗಿ ಒಂಟಿ. ಹೋಗದಿದ್ದರೆ ಮನೆಗೆ ಅಕ್ಕಿಯಿಲ್ಲ. ಸಮಾಜದವರು ಕೂಡಿ ಮರಣದ ವಿಷಯವನ್ನು ಮಾತನಾಡಬೇಕೆಂದು ಹೇಳುವುದಾದರೆ, ಆ ಮಾತು ಈ ಮನೆಯ ಬಾಗಿಲಿಗೆ ಬಂದು ಮುಟ್ಟಬೇಕು.

ಪರದೇಶಗಳಲ್ಲಿ ಇಂಥ ಕೂಟಗಳು ಈಚೆಗೆ ಪ್ರಚಾರಕ್ಕೆ ಬಂದಿವೆ. ಸ್ವಿಟ್ಜರ್ಲೆಂಡಿನ ಸಮಾಜಶಾಸ್ತ್ರಜ್ಞ ಬರ್ನಾರ್ಡ್ ಕ್ರೆಟಾಜ್ ೨೦೦೪ರಲ್ಲಿ ಮೊದಲುಮಾಡಿದುದನ್ನು ಅನುಸರಿಸಿ ಜಾನ್ ಅಂಡರ್‌ವುಡ್ ಎಂಬುವರು ೨೦೧೧ರಲ್ಲಿ ಲಂಡನ್ನಿನಲ್ಲಿ ಡೆತ್ ಕೆಫೆ ಎಂಬ ಹೆಸರಿನಿಂದ ಆರಂಭಿಸಿದರು. ಅಪರಿಚಿತರು ಚಹಾ, ಕೇಕುಗಳ ಸುತ್ತ ಕುಳಿತು ಸಾವನ್ನು ಕುರಿತು ಮನಬಿಚ್ಚಿ ಮಾತನಾಡುತ್ತಾರೆ, ಉಪದೇಶವಿಲ್ಲ, ತೀರ್ಮಾನವಿಲ್ಲ. ಮೌನವನ್ನು ಮುರಿಯುವಷ್ಟರಮಟ್ಟಿಗೆ ಇದು ಒಳ್ಳೆಯದೇ. ಆದರೆ ಅಪರಿಚಿತರು ಮಾತು ಮುಗಿಸಿ ಅವರವರ ಮನೆಗೆ ಹೋಗುತ್ತಾರೆ. ನಿರ್ಯಾಪಕನು ಹೋಗುವುದಿಲ್ಲ. ಇದಕ್ಕಿಂತ ಹತ್ತಿರದ ಮೇಲ್ಪಂಕ್ತಿ ಕೇರಳದ್ದು. ೧೯೯೩ರಲ್ಲಿ ಕೋಳಿಕ್ಕೋಡಿನಲ್ಲಿ ಮೊದಲಾದ ನೋವು ಶಮನ ಸೇವೆಯು ಮುಂದೆ ಊರೂರಿನ ನೆರೆಹೊರೆಯವರನ್ನೇ ತರಬೇತುಗೊಳಿಸಿ ರೋಗಿಗಳ ಮನೆಗೆ ಕಳುಹಿಸುವ ವ್ಯವಸ್ಥೆಯಾಗಿ ಬೆಳೆಯಿತು. ಬೆಂಗಳೂರಿನ ಕರುಣಾಶ್ರಯವು ಕ್ಯಾನ್ಸರ್ ರೋಗಿಗಳ ಅಂತ್ಯಕಾಲದ ಶುಶ್ರೂಷೆಯನ್ನು ಹಣ ಪಡೆಯದೆ ನಡೆಸುತ್ತಿದೆ. ಇವೆಲ್ಲ ವೈಯಾವೃತ್ತ್ಯವೆಂಬ ಆಭ್ಯಂತರ ತಪಸ್ಸಿನ ರೂಪಗಳೇ. ಉಪವಾಸವನ್ನು ಲೆಕ್ಕವಿಟ್ಟು ಮಾಡುವವರು ವೈಯಾವೃತ್ತ್ಯವನ್ನೂ ಶಾಸ್ತ್ರಕಾರರು ತಪಸ್ಸುಗಳ ಸಾಲಿನಲ್ಲಿಯೇ ಇಟ್ಟಿದ್ದಾರೆಂಬುದನ್ನು ಮರೆಯುವುದುಂಟು.

ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳಂಥ ಊರುಗಳಲ್ಲಿ ಕೂಟ ನಡೆಸುವವರು ಅದಕ್ಕಾಗಿ ಹೊಸ ಸಂಘವನ್ನು ಕಟ್ಟಬೇಕಾಗಿಲ್ಲ. ಚತುರ್ದಶಿಯ ಸ್ವಾಧ್ಯಾಯಕ್ಕೆ ಸೇರುವ ಹತ್ತು ಹನ್ನೆರಡು ಜನ ಸಾಕು. ದಿಗಂಬರ ಶ್ವೇತಾಂಬರ ಭೇದವನ್ನು ಬಾಗಿಲ ಹೊರಗೆ ಬಿಡಬೇಕು. ಸುಕುಮಾರಸ್ವಾಮಿಯ ಕಥೆಯನ್ನೋ ಭದ್ರಬಾಹು ಭಟಾರರ ಕಥೆಯನ್ನೋ ಮೊದಲು ಓದಿ, ಬಳಿಕ ಹಿರಿಯರಿಗೆ ಮಾತನಾಡಲು ಅವಕಾಶ ಕೊಡಬೇಕು. ಕಿರಿಯರು ಹೆಚ್ಚು ಕೇಳಬೇಕು. ಯಾವ ವ್ರತಗಳನ್ನು ಎಂದಿನಿಂದ ಪಾಲಿಸುತ್ತಿದ್ದಾರೆ, ಪ್ರಜ್ಞೆ ತಪ್ಪಿದಾಗಲೂ ಅವುಗಳಲ್ಲಿ ಯಾವುವನ್ನು ಉಳಿಸಬೇಕು, ರೋಗದ ನಿಜವನ್ನು ತಮಗೆ ಹೇಳಬೇಕೋ ಬೇಡವೋ, ಯಾರೊಡನೆ ಮಾತು ಬಿಟ್ಟುಹೋಗಿದೆ ಎಂಬುದನ್ನು ಅವರ ಬಾಯಿಂದಲೇ ಕೇಳುವುದು ಮುಖ್ಯ. ಕಡೆಯ ಪ್ರಶ್ನೆಗೆ ಉತ್ತರ ಕೂಟದಲ್ಲಿ ಬರಲಿಕ್ಕಿಲ್ಲ. ಮನೆಗೆ ಹೋದ ಮೇಲೆ ಒಂದು ಪತ್ರವಾಗಿಯೋ ದೂರವಾಣಿಯ ಕರೆಯಾಗಿಯೋ ಹೊರಟರೆ ಸಾಕು. ಆ ಕೂಟದಲ್ಲಿ ಯಾರಿಗೂ ಸಲ್ಲೇಖನೆಯ ವ್ರತವನ್ನು ಕೊಡಕೂಡದು, ತೆಗೆದುಕೊಳ್ಳುವಂತೆ ಸೂಚಿಸಲೂಕೂಡದು. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಮಾತ್ರ ಅದು ವಿಹಿತವೆಂದು ಸಮಂತಭದ್ರರು ಗೆರೆ ಎಳೆದಿದ್ದಾರೆ. ಚಿಕಿತ್ಸೆಯಿಂದ ಗುಣವಾಗುವ ರೋಗಕ್ಕೆ ಚಿಕಿತ್ಸೆಯೇ ಧರ್ಮ. ಮನಸ್ಸು ಕುಗ್ಗಿ ಜೀವ ಬೇಡವೆನ್ನುವವರು ಕಂಡುಬಂದರೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅದು ಮರಣಾಶಂಸೆಯೇ ಹೊರತು ವೈರಾಗ್ಯವಲ್ಲ.

೨೦೦೬ರಲ್ಲಿ ದಾಖಲಾದ ಒಂದು ಅರ್ಜಿಯ ಮೇಲೆ ರಾಜಸ್ಥಾನ ಉಚ್ಚ ನ್ಯಾಯಾಲಯವು ೨೦೧೫ರ ಆಗಸ್ಟ್ ೧೦ರಂದು ಸಂಥಾರಾವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪು ಕೊಟ್ಟಿತು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ನಡುವೆ ದೇಶಾದ್ಯಂತ ಜೈನರು ಮೌನ ಮೆರವಣಿಗೆಗಳನ್ನು ನಡೆಸಿದರು. ಮೆರವಣಿಗೆ ನ್ಯಾಯವಾದುದೇ. ಆದರೆ ಮುದುಕರನ್ನು ಮನೆಯವರು ಒತ್ತಾಯಪಡಿಸಬಹುದೆಂಬ ಆಕ್ಷೇಪಕ್ಕೆ ಮೆರವಣಿಗೆ ಉತ್ತರವಾಗದು. ವ್ರತಿಯ ಇಚ್ಛೆಯನ್ನು ವ್ರತಕ್ಕೆ ಬಹಳ ಮುಂಚೆ, ಮನೆಯವರಲ್ಲದವರ ಎದುರಿನಲ್ಲಿ, ಒಂದಲ್ಲ ಹತ್ತು ಸಾರಿ ಕೇಳಿದವರಿರುವುದೇ ಅದಕ್ಕೆ ಉತ್ತರ. ವಾದಿಗಳೆಂಬ ನಾಲ್ವರು ನಿರ್ಯಾಪಕರನ್ನು ಶಿವಾರ್ಯರು ಬಾಗಿಲಲ್ಲಿ ಕೂರಿಸಿದುದು ಸುಮ್ಮನೆ ಅಲ್ಲ. ಇದಕ್ಕೆ ವಿರುದ್ಧವಾಗಿ, ಸಂಥಾರಾ ಸುದ್ದಿ ಹೊರಬಿದ್ದೊಡನೆ ಶಾಮಿಯಾನ, ಧ್ವನಿವರ್ಧಕ, ಪತ್ರಿಕೆಯಲ್ಲಿ ಭಾವಚಿತ್ರ, ದರ್ಶನಾರ್ಥಿಗಳ ಸಾಲು ಏರ್ಪಡುವ ಈಚಿನ ಪದ್ಧತಿ ಶಾಸ್ತ್ರಸಮ್ಮತವಲ್ಲ. ಇಷ್ಟು ಜನ ನೆರೆದ ಮೇಲೆ ವ್ರತವನ್ನು ನಿಲ್ಲಿಸಬೇಕೆಂದು ಒಬ್ಬ ಅಜ್ಜಿಗೆ ಅನ್ನಿಸಿದರೆ ಆಕೆ ಯಾರಿಗೆ ಹೇಳಿಯಾಳು? ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು ೧೯೫೫ರಲ್ಲಿ ಕುಂಥಲಗಿರಿಯಲ್ಲಿಯೂ, ಸದಲಗದ ಆಚಾರ್ಯ ವಿದ್ಯಾಸಾಗರರು ೨೦೨೪ರ ಫೆಬ್ರವರಿ ೧೮ರಂದು ಡೊಂಗರಗಢದಲ್ಲಿಯೂ ಸಮಾಧಿ ಹೊಂದಿದರು. ಜೀವಮಾನದ ತಪಸ್ಸಿನಿಂದ ಸಿದ್ಧರಾದ ಅಂಥವರ ಮರಣವನ್ನು ಜನ ನೋಡುವುದು ಬೇರೆ. ನಿನ್ನೆಯವರೆಗೆ ಮೊಮ್ಮಕ್ಕಳ ನಡುವೆ ಇದ್ದ ಗೃಹಸ್ಥೆಯ ಬಾಲಪಂಡಿತ ಮರಣವೇ ಬೇರೆ.

ಕೂಟದಲ್ಲಿ ಆಡಿದ ಮಾತಿಗೆ ಲಿಖಿತ ರೂಪ ಕೊಡುವುದಕ್ಕೆ ಈಗ ಕಾನೂನಿನ ಅನುಕೂಲವೂ ಉಂಟು. ಚೇತರಿಕೆಯ ಆಶೆಯಿಲ್ಲದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡಬಹುದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರ ಮಾರ್ಚ್ ೯ರಂದು ತೀರ್ಪಿತ್ತಿತು. ೨೦೨೩ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳೊಡನೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣವಿದ್ದರೆ ಸಾಕೆಂದಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರು ಈ ಹಕ್ಕಿಗಾಗಿ ಬಹುಕಾಲ ಹೋರಾಡಿದವರು. ಕರ್ನಾಟಕ ಸರ್ಕಾರವು ೨೦೨೫ರ ಜನವರಿ ೩೦ರಂದು ಇದನ್ನು ಕಾರ್ಯಗತಗೊಳಿಸುವ ಆದೇಶ ಹೊರಡಿಸಿತು. ಈ ಪತ್ರವೇ ಸಲ್ಲೇಖನೆಯಲ್ಲ, 'ಯಂತ್ರ ಬೇಡ' ಎಂದ ಮಾತ್ರಕ್ಕೆ ಕಷಾಯಗಳು ಕೃಶವಾಗುವುದಿಲ್ಲ. ಆದರೆ ರಾತ್ರಿ ನಳಿಕೆಯಿಂದ ಆಹಾರ ಬೇಡವೆಂದು ವ್ರತಧಾರಿಯು ವೈದ್ಯರಿಗೆ ತಿಳಿಸುವ ದಾರಿ ಇದು. ಬರೆಯುವವರು ತಮಗೆ ಪ್ರಜ್ಞೆಯಿಲ್ಲದಾಗ ತಮ್ಮ ಪರವಾಗಿ ತೀರ್ಮಾನಿಸುವವರೆಂದು ಕಡೆಯ ಪಕ್ಷ ಇಬ್ಬರ ಹೆಸರನ್ನು ಅದರಲ್ಲಿ ಸೂಚಿಸತಕ್ಕದ್ದು. ಒಂದು ಹೆಸರು ಮನೆಯವರದು ಇದ್ದೇ ಇರುತ್ತದೆ. ಎರಡನೆಯ ಹೆಸರು ಯಾರದೆಂಬುದನ್ನು ಚತುರ್ದಶಿಯ ಕೂಟದಲ್ಲಿಯೇ ಕೇಳಿ ಗೊತ್ತುಮಾಡಿಕೊಳ್ಳಬಹುದು. ಹಾಗೆ ಹೆಸರು ಕೊಟ್ಟವರು ವಾರಕ್ಕೆ ಎರಡು ಮಧ್ಯಾಹ್ನ ಆ ಮನೆಗೆ ಹೋಗಿ ಕುಳಿತರೆ, ಸೊಸೆ ಅಂಗಡಿಗೆ ಹೋಗಿಬರಲು ಬಿಡುವಾಗುತ್ತದೆ.